ಪುಟ ಎಪ್ಪತ್ತೆರಡು

ಬಂದ್ಯೋಡಿನ ಆ ಜಗಲಿಯಲ್ಲಿ ಕಥೆ ಓದುವುದೂ ಕೂಲಿಯೇ:
ನಾನು ಓದಬೇಕು, ನನ್ನ ಪಾಲಿನ ಬೀಡಿ
ಐವರೂ ಸೇರಿ ಕಟ್ಟಿಕೊಡಬೇಕು.

ಇನ್ಸ್‌ಪೆಕ್ಟರ್ ದಮಯಂತಿಯ ಎಂಟು ಪುಸ್ತಕ ಹಾಗೆ ಮುಗಿದವು,
ಎಲೆ ಕತ್ತರಿಸುವ ಸದ್ದಿನಲ್ಲಿ, ಹೊಗೆಸೊಪ್ಪಿನ ಸೀನಿನಲ್ಲಿ.
ಮೂರನೇ ಅಧ್ಯಾಯಕ್ಕೇ ಕೊಲೆಗಾರ ಸಿಕ್ಕಿಬೀಳುತ್ತಿದ್ದ.
"ಆ ಡಾಕ್ಟರೇ. ಅಷ್ಟು ನಯವಾಗಿ ಮಾತಾಡುವವ!" ಜಮೀಲ ಹೇಳಿದರೆ ಮುಗಿಯಿತು.
ದಮಯಂತಿಯ ಮನೆಯಲ್ಲಿ ಗಂಜಿಗಿಡುವವರು ಯಾರು
ಎಂಬುದೊಂದೇ ಅವರಿಗೆ ಬಿಡಿಸಲಾಗದ ಒಗಟು.

ಒಂಬತ್ತನೆಯದರಲ್ಲಿ ಬಾವಿ ಬಂತು.
ವರದಿಯಲ್ಲಿ ಬರೆದಿತ್ತು: ಕಾಲು ಜಾರಿ.
ದಮಯಂತಿ ಬೂಟು ಬಿಚ್ಚಿ, ಕಟ್ಟೆಗೆ ಮೊಣಕಾಲೂರಿ
ಪಾಚಿ ನೋಡಿದಳು. ಒಂದು ಗೀರೂ ಇರಲಿಲ್ಲ.

ಕತ್ತರಿಗಳು ನಿಂತವು.
ನಾನು ತಲೆಯೆತ್ತಲಿಲ್ಲ. ಮೂಲೆಯಲ್ಲಿ ಅಪ್ಪಿಯಕ್ಕ ಇದ್ದಳು.
ಅವಳ ಯಶವಂತಿಯ ಕಾಗದವೂ ಠಾಣೆಯಲ್ಲಿ
ಮಲಯಾಳದಲ್ಲಿ ಅದನ್ನೇ ಹೇಳುತ್ತದೆ;
ಯಾರೋ ಅರ್ಧ ಓದಿಹೇಳಿ ಹೆಬ್ಬೆಟ್ಟು ಒತ್ತಿಸಿದ್ದರು.

"ಆ ಗೆರೆ ಇನ್ನೊಮ್ಮೆ ಓದು ಮಗಾ."
ಓದಿದೆ.
"ಇನ್ನೊಮ್ಮೆ."

ಕೈಯ ದಾರವನ್ನು ಅವಳು ತನ್ನ ಬೆರಳಿಗೇ ಸುತ್ತುತ್ತಿದ್ದಳು,
ತುದಿ ಬೆಳ್ಳಗಾಗುವವರೆಗೆ.

"ಪಾಚಿ ನಾವೂ ನೋಡಿದ್ದೆವು" ಎಂದಳು ಜಮೀಲ,
ಯಾರಿಗೂ ಅಲ್ಲ, ಮೊರಕ್ಕೆ.

ಆ ಶನಿವಾರ ಬೀಡಿ ಬ್ರಾಂಚಿನಲ್ಲಿ ಲೆಕ್ಕ ಕಡಿಮೆ ಬಿತ್ತು.
ಯಾಕೆಂದ ಗುಮಾಸ್ತನಿಗೆ ಐವರದೂ ಒಂದೇ ಹೇಳಿಕೆ:
ಎಲೆ ಸರಿಯಿರಲಿಲ್ಲ.

ಪುಸ್ತಕವನ್ನು ನಾನು ಲೈಬ್ರರಿಗೆ ಹಿಂತಿರುಗಿಸಲಿಲ್ಲ.
ಎಪ್ಪತ್ತಮೂರನೆಯ ಪುಟದಲ್ಲಿ ಏನಿದೆಯೋ, ಇವತ್ತಿಗೂ ಗೊತ್ತಿಲ್ಲ.