ಒಂದೇ ಬಸಿರು

ಕಡಲಿಗೂ ಹಿನ್ನೀರಿಗೂ ನಡುವಿನ ಬಿಳಿ ಮರಳಲ್ಲಿ
ಹನ್ನೊಂದು ವರ್ಷದಿಂದ ಸಸಿ ನೆಟ್ಟವಳು ನಾನು, ಜಾಫಿಸೋವಾ.
ಸಾವಿರದ ನಾನೂರು ಹಾಜುಮೇನಾ, ಕೆಂಪುಮರ ಅಂದರೆ ಅಷ್ಟೇ,
ಎಣಿಸಿದ್ದೇನೆ, ಸತ್ತವನ್ನು ಬಿಟ್ಟು.

ಏಳನೆಯ ವರ್ಷ ಹೂ ಬಂತು.
ಜೇನು ಬಂತು. ಲೆಮೂರ್ ಬಂದು ಮೂಸಿ ನೋಡಿತು.
ಹೂ ಉದುರಿತು, ಕಾಯಿ ಕಚ್ಚಲಿಲ್ಲ.
ಎಂಟನೆಯ ವರ್ಷವೂ. ಒಂಬತ್ತರಲ್ಲಿ
ಗಾಳಿಯ ಮೇಲೆ ತಪ್ಪು ಹೊರಿಸಿದೆವು. ಹತ್ತರಲ್ಲಿ
ಹಿರಿಯರ ಮುನಿಸಿರಬೇಕೆಂದು
ಅವರ ಕಲ್ಲಿನ ಬುಡಕ್ಕೆ ಒಂದು ಗುಟುಕು ರಮ್ಮು ಸುರಿದೆವು.
ಕುಡಿದರು. ಕಾಯಿ ಕೊಡಲಿಲ್ಲ.

ಆಮೇಲೆ ಬಂದವಳು ಮಿಯಾಂಗಾಲಿ, ರಾಜಧಾನಿಯ ಹುಡುಗಿ,
ಮರಳಲ್ಲಿ ನಡೆಯಲು ಬಾರದು, ಹೆಜ್ಜೆಗೊಮ್ಮೆ ಚಪ್ಪಲಿ ಹುಡುಕುವಳು.
ಮರಕ್ಕೊಂದು ಎಲೆ, ಎಲೆಗೊಂದು ಲಕೋಟೆ,
ಲಕೋಟೆಯೊಳಗೆ ಪಸೆ ಹೀರುವ ನೀಲಿ ಹರಳು.
‘ಎಲೆಯಲ್ಲಿ ಏನು ಓದುತ್ತೀಯೆ?’
‘ಯಾರ ಮಗು ಅಂತ.’
ನಕ್ಕೆ. ‘ನನ್ನನ್ನೇ ಕೇಳಬಾರದೆ?’

ಕೇಳಬೇಕಿತ್ತು. ನಾನೇ, ನನ್ನನ್ನು.

ಐದು ತಿಂಗಳಿಗೆ ಕಾಗದ ತಂದಳು, ತುಂಬ ಚುಕ್ಕಿ.
ಆಚೆ ದಡದ ಕಾಡಿನವು ಚೆಲ್ಲಿದ ಅಕ್ಕಿಯಂತೆ, ಅಲ್ಲೊಂದು ಇಲ್ಲೊಂದು.
ನನ್ನವು ಒಂದೇ ಮೂಲೆಯಲ್ಲಿ, ಒಂದರ ಮೇಲೊಂದು,
ಮಳೆಗೆ ಮುದುಡಿದ ಕೋಳಿಮರಿಗಳ ಹಾಗೆ.
‘ಎಲ್ಲ ಒಂದೇ ಬಸಿರು,’ ಅಂದಳು ಮೆಲ್ಲಗೆ.
‘ಅಪ್ಪನೂ ಒಬ್ಬನೇ, ಇದ್ದಿಲಿಗೆ ಹೋದ ಮರವಿರಬೇಕು.
ಅಣ್ಣನ ಪರಾಗ ತಂಗಿಯ ಹೂವಿಗೆ. ಹೂವು ಒಲ್ಲೆ ಅನ್ನುತ್ತೆ.’

ಫಾದಿ ಅನ್ನುತ್ತೇವೆ ನಾವು. ಕೂಡದ್ದು.
ತಮ್ಮನಿಗೆ ಹೆಣ್ಣು ನೋಡುವಾಗ
ಏಳು ತಲೆ ಹಿಂದಕ್ಕೆ ಹೆಸರು ಹೇಳಿದವಳು ನಾನು, ಬೆರಳು ಮಡಚಿ ಮಡಚಿ,
ಎಲ್ಲಿ ರಕ್ತ ಎದುರಾಗುತ್ತದೋ ಎಂದು.
ಮರದ ಕುಲ ಮಾತ್ರ ಕೇಳಲಿಲ್ಲ.
ದಾರಿ ಬದಿಯ ಆ ಒಂದು ತಾಯಿಮರ, ಬಾಗಿದರೆ ಬೀಜ,
ಬಿಸಿಲೇರುವ ಮೊದಲೇ ಬುಟ್ಟಿ ತುಂಬುತ್ತಿತ್ತು.
ಮರ ಚೆನ್ನಾಗಿತ್ತು. ಸೊಂಟ ನೋಯುತ್ತಿತ್ತು. ಅಷ್ಟೇ ಕಾರಣ.

ಅವರ ಕಾಡಿನ ಇಪ್ಪತ್ತಾರು ಮರಗಳಿಂದ
ಒಂದೊಂದು ಹಿಡಿ ಬೀಜ ಬೇಕು, ಬೇರೆ ಬೇರೆ ಚೀಲದಲ್ಲಿ.
ಅವರೊಂದಿಗೆ ಮಾತಿಲ್ಲ ನಮಗೆ,
ನನ್ನ ಮಾವನ ಕಾಲದ ಒಂದು ಎತ್ತಿನ ವ್ಯಾಜ್ಯ.
ಎತ್ತು ಸತ್ತು ಮೂಳೆಯೂ ಮಣ್ಣಾಗಿದೆ.
ಚುಕ್ಕಿಯ ಕಾಗದಕ್ಕೆ ಹುಟ್ಟು ಹಾಕಲು ಬರುವುದಿಲ್ಲ.

ನಸುಕಿಗೇ ಹೊರಟೆ. ಒಂದು ಬಾಟಲಿ ರಮ್ಮು, ಹೊಸ ಚಾಪೆ,
ಹೆಣ್ಣು ಕೇಳಲು ಹೋಗುವವರು ಒಯ್ಯುವಷ್ಟೇ.
ದಡದಲ್ಲಿ ಅವರ ಮುದುಕಿ ತ್ಸಾರಾವಾವಿ ಮೀನು ಹೆರೆಯುತ್ತಿದ್ದಳು.
ತಲೆ ಎತ್ತಲಿಲ್ಲ.
‘ಎತ್ತು ವಾಪಸು ತಂದೆಯಾ?’
‘ಇಲ್ಲ. ಸಂಬಂಧ ಕೇಳಲು ಬಂದೆ.’
‘ಯಾರಿಗೆ?’
‘ಸಾವಿರದ ನಾನೂರು ಜನಕ್ಕೆ.’

ಚೂರಿ ನಿಂತಿತು.
ನನ್ನ ಭುಜದಾಚೆ, ನೀರಿನಾಚೆ,
ಈ ವರ್ಷವೂ ಸುಮ್ಮನೆ ಹೂಬಿಟ್ಟು ನಿಂತವರನ್ನು ನೋಡಿದಳು,
ಬಹಳ ಹೊತ್ತು.
ಆಮೇಲೆ ಹುರುಪೆ ಅಂಟಿದ ಕೈ ಒರೆಸಿಕೊಂಡು
ಚಾಪೆಯ ಹೆಣಿಗೆಯನ್ನು
ಎರಡು ಬೆರಳಲ್ಲಿ ಎಳೆದು ನೋಡಿದಳು.