ಗುಟ್ಟಿನ ಚೀಲ

ಸುಂಟಿಕೊಪ್ಪದ ಇಗರ್ಜಿಯ ಹಿಂದಿನ ಕೋಣೆ.
ಬಲಿಪೂಜೆ ಮುಗಿದ ಮೇಲೆ
ವಿನ್ಸೆಂಟ್ ದಿ ಪಾಲ್ ಸಭೆಯ ನಾವು ಹನ್ನೊಂದು ಜನ.
ನೇರಳೆ ಬಟ್ಟೆಯ ಚೀಲ ಕೈಯಿಂದ ಕೈಗೆ ಬರುತ್ತದೆ,
ಮುಷ್ಟಿ ಕಟ್ಟಿಯೇ ಒಳಗೆ ಹೋಗಬೇಕು,
ಬಿಟ್ಟದ್ದೆಷ್ಟೆಂದು ಪಕ್ಕದವನಿಗೂ ತಿಳಿಯಬಾರದು.
ಬರಿಗೈಯಾದರೂ ಹೊರಗಿನವರಿಗೆ ಮುಷ್ಟಿಯೇ.

ಖಜಾಂಚಿ ನಾನು. ವಾರವೆಲ್ಲ
ಕರಿಮೆಣಸು, ಚೆರಿ ಕಾಫಿ ಕೊಳ್ಳುವವನು.
ನನ್ನ ತಕ್ಕಡಿಗೊಂದು ಚಾಳಿ,
'ತೇವ ಇದೆ' ಅಂದು ಚೀಲಕ್ಕೆ ಒಂದೂವರೆ ಕಿಲೋ ಮುರಿಯುವುದು.
ಮುರಿದದ್ದರಲ್ಲಿ ಕಾಲುಭಾಗ ದೇವರದ್ದು
ಎಂದು ಒಳಗೊಳಗೇ ಒಂದು ಕರಾರು,
ಹಬ್ಬಕ್ಕೆ ಸಂತ ಅಂತೋಣಿಗೆ ಮೊಳದುದ್ದ ಮೇಣದಬತ್ತಿ.
ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಆ ಭಾನುವಾರ ಚೀಲ ಮಗುಚಿದೆ.
ಚಿಲ್ಲರೆ, ಮಡಿಸಿ ಮಡಿಸಿ ಬೆವರಿದ ಹತ್ತರ ನೋಟುಗಳು,
ನಡುವೆ ನನ್ನದೇ ಅಂಗಡಿಯ ಗುಲಾಬಿ ಚೀಟಿ.
ಗುಟ್ಟು ಬಿಟ್ಟುಕೊಟ್ಟಿದ್ದೂ ನನ್ನದೇ ಅಕ್ಷರ:
ಪಿಯಾದ್ ಬಾಯಿ, ಚೆರಿ, ಮೂರು ಚೀಲ,
ತೇವಕ್ಕೆ ವಜಾ ನಾಲ್ಕೂವರೆ.
ಬೆನ್ನಿಗೆ ಪೆನ್ಸಿಲಿನಲ್ಲಿ,
'ಈ ನಾಲ್ಕೂವರೆ ಕಿಲೋ ನನ್ನದು.
ಬಡವರಿಗೆ ಕೊಟ್ಟಿದ್ದೇನೆ. ವಸೂಲು ಮಾಡಿಕೊಳ್ಳಿ.'

ತಲೆ ಎತ್ತಿದೆ. ಅವಳು ಕಿಟಕಿಯಾಚೆ
ಒದ್ದೆ ಬೆಳ್ಳಿಓಕ್ ಮರ ನೋಡುತ್ತಿದ್ದಳು,
ಕಾಫಿಯ ಕಲೆ ಹೋಗದ ಉಗುರಿನಡಿ
ಜಪಸರದ ಮಣಿ ನಿಧಾನ ಜಾರುತ್ತಿತ್ತು.
ನನ್ನ ಕಡೆ ನೋಡಿದ್ದರೆ
ಜಗಳವಾದರೂ ಆಡಬಹುದಿತ್ತು.

'ಒಟ್ಟು ಎಷ್ಟಾಯಿತು?'
ಕಜೆತಾನ್ ಮಾಸ್ತರರು ವಹಿ ಬಿಚ್ಚಿ ಕಾಯುತ್ತಿದ್ದರು.
ಇರಿ, ಅಂದೆ.
ಹದಿನಾಲ್ಕು ಕುಯ್ಲಿನ ಚೀಲಗಳನ್ನು
ಎಣಿಸುತ್ತಿದ್ದೆ ನಾನು,
ಒಂದೊಂದಕ್ಕೂ ಒಂದೂವರೆ.