ರಾಗಿಯ ಬಾಬು

ಬಸವಾಪಟ್ಟಣದ ಕೋಟೆಯ ಚಾವಡಿಯಲ್ಲಿ
ಒಂದೇ ದೀಪಕ್ಕೆ ಇಬ್ಬರು ನಾವು.
ದಬೀರ ಫಸೀಹುದ್ದೀನನದು ಬಿಳಿಯ ಹಾಳೆ, ಕರಿಯ ಶಾಯಿ;
ಶಾನುಭೋಗ ನಾನು, ನನ್ನದು ಕರಿಯ ಕಡತ, ಬಿಳಿಯ ಬಳಪ.
ಅವನ ಸಾಲು ಬಲದಿಂದ ಹೊರಡುತ್ತಿತ್ತು, ನನ್ನದು ಎಡದಿಂದ.
ಎಣ್ಣೆ ಮಾತ್ರ ನನ್ನ ಮನೆಯದು,
ದಿನಾ ನೆನಪಿಸುತ್ತಿದ್ದೆ.

ಹಗಲೆಲ್ಲ ಹವಾಲ್ದಾರರ ಪತ್ರ:
ಎಂಟು ಸಾಲು ಬಿರುದು, ಅರ್ಧ ಸಾಲು ವಿಷಯ.
ಇರುಳು ಅವನ ಸ್ವಂತ ಪುಸ್ತಕ,
ಕೆಟ್ಟ ಪತ್ರಗಳ ಬೆನ್ನ ಮೇಲೆ.
ಏನಿದೆ ಅದರಲ್ಲಿ ಎಂದರೆ
‘ಸೂಳೆಕೆರೆಯ ಗಾಳಿ’ ಎಂದು ನಗುತ್ತಿದ್ದ.

ಪೇಟೆ ಸುಟ್ಟ ಮರುದಿನ ಅಪ್ಪಣೆಯಾಯಿತು:
ವಿಜಯ ಎಂದು ಬರೆ.
ಬರೆದ. ಅಕ್ಷರ ಎಷ್ಟು ಚೆಂದ ಬಂದಿತ್ತೆಂದರೆ
ಮೊಹರು ಒತ್ತುವವನೂ ಒಂದು ಗಳಿಗೆ ಕೈ ತಡೆದ.

ಆ ಇರುಳು ಪುಸ್ತಕ ಬಿಚ್ಚಲಿಲ್ಲ.
‘ನಿನ್ನದರಲ್ಲಿ ಬರಕೋ’ ಎಂದು
ಹೆಸರು ಹೇಳತೊಡಗಿದ:
ಮಗ್ಗದ ಚೌಡ, ಅವನ ಹೆಂಡತಿ,
ಪಿಂಜಾರ ಲಾಡಸಾಬ, ಬಳೆಗಾರ ಮುದ್ದಯ್ಯ,
ಇನ್ನೂ ಹೆಸರಿಡದ ಒಂದು ಕೂಸು.
ಅವನ ಕನ್ನಡ ತೊದಲುತ್ತಿತ್ತು. ಹೆಸರುಗಳು ತೊದಲಲಿಲ್ಲ.
ರಾಗಿಯ ಬಾಬಿನಲ್ಲಿ ಬರೆದುಕೊಂಡೆ,
ಹೆಸರಿಗೊಂದು ಕೊಳಗ.
ಕೂಸಿಗೆ ಅರ್ಧ ಹಾಕಹೋದೆ;
‘ಪೂರ್ತಿ ಹಾಕು’ ಅಂದ.

ಈಗ ಅವನಿಲ್ಲ. ಪುಸ್ತಕ ಗೆದ್ದಲಿಗೆ ಹೋಯಿತು.
ವರ್ಷ ವರ್ಷ ಕಡತಕ್ಕೆ
ಹುಣಸೆಬೀಜದ ಸರಿ, ಇದ್ದಿಲು ಬಳಿಯುತ್ತೇನೆ,
ಆ ಒಂದು ಮಡಿಕೆ ಬಿಟ್ಟು.
ಲೆಕ್ಕ ನೋಡಲು ಬಂದ ಹೊಸಬ
ಅಲ್ಲೇ ಬೆರಳಿಟ್ಟು ಕೇಳುತ್ತಾನೆ:
ಆ ವರ್ಷ ಪೇಟೆಯೇ ಸುಟ್ಟಿತ್ತಂತೆ,
ಇಷ್ಟು ರಾಗಿ ಎಲ್ಲಿಂದ ಬಂತು, ಶಾನುಭೋಗರೇ?